ಎಲಿಯೊ ಹಾಡಿದ ಶನಿವಾರ

ನಾನು ಪಾದ್ರಿಯಲ್ಲ. ಎಂದೂ ಆಗಿರಲಿಲ್ಲ. ಆದರೂ ಮಲೇಷಿಯಾದ ಪಿನಾಂಗಿನ ಒಂದು ಹೋಟೆಲಿನ ಖಾಲಿ ಸಭಾಂಗಣದಲ್ಲಿ, ಒಂದು ಮಧ್ಯಾಹ್ನ, ವಯಸ್ಸಾದ ಹಾಡುಗಾರರೊಬ್ಬರು ನನ್ನ ಪಕ್ಕ ಕುಳಿತು ತಮ್ಮ ಪಾಪಗಳನ್ನು ನಿವೇದಿಸಿಕೊಂಡಾಗ ನಾನು ಕೇಳಿಸಿಕೊಂಡೆ – ಪಾದ್ರಿಯ ಹಾಗೆ ತಲೆ ತಗ್ಗಿಸಿ, ಪಾದ್ರಿಯ ಹಾಗೆ ಕಣ್ಣು ಮುಚ್ಚಿ. ಕೊನೆಗೆ ಕೈಯೆತ್ತಿ ಶಿಲುಬೆಯ ಗುರುತು ಮಾಡಿ ಕ್ಷಮೆಯನ್ನೂ ಕೊಟ್ಟೆ. ನನ್ನ ಹತ್ತಿರ ಇಲ್ಲದ್ದನ್ನು ಕೊಟ್ಟೆ. ಅದಕ್ಕೆ ಪ್ರತಿಯಾಗಿ ನನಗೆ ಬೇಕಾದದ್ದನ್ನು ತೆಗೆದುಕೊಂಡೆ.

ಇದು ತೊಂಬತ್ತೆಂಟರ ಮಾತು. ಆ ಹಾಡುಗಾರರು ಈಗ ಇಲ್ಲ. ಅವರನ್ನು ಎಲಿಯೊ ಎಂದು ಕರೆಯುತ್ತೇನೆ, ನಿಜವಾದ ಹೆಸರು ಬೇರೆ. ಇಟಲಿಯಲ್ಲಿ ಇನ್ನೂ ಬದುಕಿರುವ, ನನ್ನಿಂದ ಅನ್ಯಾಯಕ್ಕೊಳಗಾದ ಹೆಂಗಸನ್ನು ಲೂಚಿಯಾ ಎನ್ನುತ್ತೇನೆ. ಆಕೆಗೆ ಕನ್ನಡ ಬರುವುದಿಲ್ಲ. ಹಾಗಿದ್ದ ಮೇಲೆ ಕನ್ನಡದಲ್ಲಿ ಯಾಕೆ ಬರೆಯುತ್ತೀ ಎಂದು ನೀವು ಕೇಳಬಹುದು. ಪ್ರಾರ್ಥನೆ ಮಾಡಿದ್ದು ಕೊಂಕಣಿಯಲ್ಲಿ, ಹೊಟ್ಟೆ ಹೊರೆದದ್ದು ಇಂಗ್ಲಿಷಿನಲ್ಲಿ, ಸುಳ್ಳು ಹೇಳಿದ್ದು ಇಟಾಲಿಯನ್ನಿನಲ್ಲಿ. ಮಂಗಳೂರಿನ ಶಾಲೆಯಲ್ಲಿ ಬೆತ್ತದ ಭಯಕ್ಕೆ ಕಲಿತ ಈ ಕನ್ನಡದಲ್ಲಿ ಮಾತ್ರ ನಾನು ಇನ್ನೂ ನಾಟಕ ಆಡಿಲ್ಲ.

ನಾನು ಯಾರು ಎಂದು ಮೊದಲು ಹೇಳಬೇಕು. ನನ್ನ ತಾಯಿ ಹರಕೆ ಹೊತ್ತು ಹೆತ್ತ ಮಗ ನಾನು. ನಮ್ಮ ಕಡೆ ಮನೆಯಲ್ಲೊಬ್ಬ ಪಾದ್ರಿಯಾದರೆ ಇಡೀ ವಠಾರಕ್ಕೆ ಮರ್ಯಾದೆ. ಸೆಮಿನರಿ ಸೇರಿದೆ, ಓದಿನಲ್ಲಿ ಮುಂದಿದ್ದೆ, ಹಾಗಾಗಿ ರೋಮ್‌ಗೆ ಕಳುಹಿಸಿದರು. ನಾಲ್ಕು ವರ್ಷ ಅಲ್ಲಿದ್ದೆ. ಪಾಪನಿವೇದನೆ ಕೇಳುವುದು ಹೇಗೆ ಎಂಬುದಕ್ಕೂ ಅಲ್ಲಿ ತರಗತಿ ಇರುತ್ತದೆ – ಒಬ್ಬ ವಿದ್ಯಾರ್ಥಿ ಪಾದ್ರಿಯಂತೆ ಕೂರಬೇಕು, ಇನ್ನೊಬ್ಬ ಇಲ್ಲದ ಪಾಪಗಳನ್ನು ಕಲ್ಪಿಸಿಕೊಂಡು ಹೇಳಬೇಕು. ನಾವೆಲ್ಲ ಹೊಟ್ಟೆ ತುಂಬ ನಗುತ್ತಿದ್ದೆವು. ಆ ತರಗತಿಯಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ನಮ್ಮ ಪ್ರಾಧ್ಯಾಪಕರು, ದಪ್ಪ ಕನ್ನಡಕದ ಮುದುಕರು, ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಪ್ರಾಯಶ್ಚಿತ್ತ ವಿಧಿಸುವಾಗ ನಿನಗೆ ಉಪಯೋಗವಾಗುವುದನ್ನು ಎಂದೂ ವಿಧಿಸಬೇಡ. ಇದನ್ನೂ ಹೇಳಿಕೊಡಬೇಕೇ ಎಂದು ಆಗ ಅನಿಸಿತ್ತು.

ದೀಕ್ಷೆಗೆ ಮೊದಲೇ ಬಿಟ್ಟು ಬಂದೆ. ಹುಡುಗಿಯ ವಿಷಯವಲ್ಲ, ಜನ ಹಾಗೇ ಅಂದುಕೊಂಡರು, ಅಂದುಕೊಳ್ಳಲಿ ಎಂದು ಬಿಟ್ಟೆ. ಒಂದು ಬೆಳಿಗ್ಗೆ ಎದ್ದಾಗ ಇದು ನನ್ನಿಂದಾಗದು ಅನಿಸಿತು, ಅಷ್ಟೆ. ಅಮ್ಮ ಬೈಯಲಿಲ್ಲ. ನನಗಾಗಿ ಹೊಲಿಸಿಟ್ಟಿದ್ದ ಪೂಜೆಯ ಬಿಳಿ ಬಟ್ಟೆಯನ್ನು ಇಗರ್ಜಿಗೆ ಕೊಟ್ಟು ಬಂದರು. ಆಮೇಲೆ ನಾನು ಮುಂಬೈಯ ಹೋಟೆಲೊಂದನ್ನು ಸೇರಿದೆ, ಅಲ್ಲಿಂದ ಪಿನಾಂಗ್‌ಗೆ ಬಂದೆ. ಸಮುದ್ರದ ದಡದ ದೊಡ್ಡ ಹೋಟೆಲು. ಮದುವೆ, ಪಾರ್ಟಿ, ಸಂಗೀತದ ಸಂಜೆಗಳನ್ನು ಏರ್ಪಡಿಸುವುದು ನನ್ನ ಕೆಲಸ.

ತೊಂಬತ್ತೇಳರ ಕೊನೆಯಿಂದ ಮಲೇಷಿಯಾದ ನಾಣ್ಯ ರಿಂಗಿಟ್ ನೆಲ ಕಚ್ಚಿತ್ತು. ಮದುವೆಗಳು ಚಿಕ್ಕದಾದವು, ಪಾರ್ಟಿಗಳು ನಿಂತೇಹೋದವು. ಅಡುಗೆಮನೆಯಲ್ಲಿ ದಿನಕ್ಕೊಂದು ಮುಖ ಕಾಣೆಯಾಗುತ್ತಿತ್ತು. ಆಗ ನನಗೊಂದು ಉಪಾಯ ಹೊಳೆಯಿತು: 'ಇಟಲಿಯ ಹದಿನೈದು ದಿನಗಳು'. ಇಟಾಲಿಯನ್ ಊಟ, ಇಟಾಲಿಯನ್ ಸಂಗೀತ, ಕೊನೆಯ ಶನಿವಾರ ದೊಡ್ಡ ಕಾರ್ಯಕ್ರಮ. ಕ್ವಾಲಾಲಂಪುರದ ಮಾಂಟ್ ಕಿಯಾರಾದಲ್ಲಿರುವ ಯುರೋಪಿಯನ್ನರು ಬಂದು ಉಳಿದುಕೊಳ್ಳುತ್ತಾರೆ ಎಂದು ಆಸೆ ತೋರಿಸಿದೆ. ನಮ್ಮ ಜನರಲ್ ಮ್ಯಾನೇಜರ್ ಮಾತು ಕಡಿಮೆಯ ಚೀನೀ ಮನುಷ್ಯ. ಒಪ್ಪಿದರು. ಶನಿವಾರ ಸಭಾಂಗಣ ತುಂಬದಿದ್ದರೆ ನನ್ನ ವಿಭಾಗವೇ ಇರುವುದಿಲ್ಲ ಎಂದೂ ತಣ್ಣಗೆ ಹೇಳಿದರು.

ಹೀಗೆ ಎಲಿಯೊ ಬಂದರು. ಅರವತ್ತರ ಆಸುಪಾಸು. ಕಡುಕಪ್ಪು ಬಣ್ಣ ಹಚ್ಚಿದ ಕೂದಲು – ಪಿನಾಂಗಿನ ಸೆಕೆಗೆ ಆ ಬಣ್ಣ ಕಿವಿಯ ಹಿಂದೆ ಸಣ್ಣಗೆ ಇಳಿಯುತ್ತಿತ್ತು. ತೆಳುನೀಲಿ ಕೋಟು. ವಿಮಾನ ನಿಲ್ದಾಣದಲ್ಲಿ ನಾನು ಇಟಾಲಿಯನ್ನಿನಲ್ಲಿ ಸ್ವಾಗತಿಸಿದಾಗ ಅವರು ಕೈಯಲ್ಲಿದ್ದ ಪೆಟ್ಟಿಗೆಯನ್ನು ನೆಲಕ್ಕಿಟ್ಟು ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. ಎಷ್ಟೋ ತಿಂಗಳಿಂದ ಮಾತು ಸಿಗದವರ ಹಾಗೆ.

ಅವರು ನೇಪಲ್ಸ್ ಕಡೆಯ ಬಂದರು ಊರಿನ ಕ್ಷೌರಿಕನ ಮಗ. ಅಂಗಡಿಯಲ್ಲಿ ಗಿರಾಕಿಗಳು ಕಾಯುವಾಗ ಬೇಸರವಾಗದಿರಲಿ ಎಂದು ಅಪ್ಪ ಮಗನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹಾಡಿಸುತ್ತಿದ್ದನಂತೆ. ಮದುವೆಮನೆಗಳಲ್ಲಿ ಹಾಡಿದರು, ಊರಿನ ಸ್ಪರ್ಧೆಯಲ್ಲಿ ಗೆದ್ದರು, ರೆಕಾರ್ಡ್ ಕಂಪನಿಯವನೊಬ್ಬ ಬಂದು ರೋಮ್‌ಗೆ ಕರೆದುಕೊಂಡು ಹೋದ. ಇಪ್ಪತ್ತೆರಡಕ್ಕೆ ಇಡೀ ಇಟಲಿ ಅವರ ಒಂದು ಹಾಡನ್ನು ಗುನುಗುತ್ತಿತ್ತು. ಮತ್ತೆ ಸಿನಿಮಾ. ಸ್ಕೂಟರ್ ಓಡಿಸುವ ಸೈನಿಕ, ಸ್ಕೂಟರ್ ಓಡಿಸುವ ನಾವಿಕ, ಸ್ಕೂಟರ್ ಓಡಿಸುವ ಪೋಸ್ಟ್‌ಮ್ಯಾನ್ – ಎಲ್ಲದರಲ್ಲೂ ಹುಡುಗಿಯ ಕಿಟಕಿಯ ಕೆಳಗೆ ನಿಂತು ಅದೇ ಹಾಡು. "ನನಗೆ ನಟನೆ ಬರುತ್ತಿರಲಿಲ್ಲ, ವಿತ್ತೋರಿಯೊ, ಸ್ಕೂಟರ್ ಬರುತ್ತಿತ್ತು," ಎಂದು ನಗುತ್ತಿದ್ದರು. ವಿಕ್ಟರ್ ಎಂಬ ನನ್ನ ಹೆಸರು ಅವರ ಬಾಯಲ್ಲಿ ಮೊದಲ ದಿನವೇ ವಿತ್ತೋರಿಯೊ ಆಗಿತ್ತು. ಎಪ್ಪತ್ತರ ದಶಕದಲ್ಲಿ ಉದ್ದ ಕೂದಲಿನ ಹುಡುಗರು ಗಿಟಾರು ಹಿಡಿದು ಬಂದರು, ಇವರ ಹಾಡು ಅಜ್ಜಿಯರ ಪಾಲಾಯಿತು. ಅಗ್ಗದ ಸಿನಿಮಾಗಳಲ್ಲಿ ಖಳನಾದರು, ಮೊದಲ ಅರ್ಧಗಂಟೆಯಲ್ಲೇ ಸಾಯುವ ಖಳ. ಆಮೇಲೆ ಪ್ರವಾಸಿ ಹಡಗುಗಳು, ಆಮೇಲೆ ಏಷ್ಯಾದ ಹೋಟೆಲುಗಳು. ಇದನ್ನೆಲ್ಲ ಅವರು ದೂರುವ ಧ್ವನಿಯಲ್ಲಿ ಹೇಳಲಿಲ್ಲ. ಮಾಮಕ್ ಎನ್ನುವ ತಮಿಳು ಮುಸ್ಲಿಮರ ಅಂಗಡಿಯಲ್ಲಿ ಪರೋಟದಂಥ ರೊಟ್ಟಿ ಚನಾಯ್‌ಗೆ ಸಕ್ಕರೆ ಉದುರಿಸಿಕೊಂಡು ತಿನ್ನುತ್ತ, ಬೇರೆ ಯಾರದೋ ಕತೆಯಂತೆ ಹೇಳಿದರು. ನನಗೆ ಅವರು ತುಂಬ ಇಷ್ಟವಾದರು. ಇದನ್ನು ಹೇಳಲೇಬೇಕು, ಯಾಕೆಂದರೆ ಇಷ್ಟವಿಲ್ಲದವರಿಗೆ ಮಾಡಿದ ಮೋಸವಾಗಿದ್ದರೆ ಇಷ್ಟು ವರ್ಷ ಹೀಗೆ ಕಾಡುತ್ತಿರಲಿಲ್ಲವೇನೋ.

ಕೊನೆಯ ವಾರದ ಭಾನುವಾರ ಅವರನ್ನು ಬಯಾನ್ ಲೆಪಾಸ್‌ನ ಲ್ಯಾನ್ಸಿಯ ಮನೆಗೆ ಕರೆದುಕೊಂಡು ಹೋದೆ. ಲ್ಯಾನ್ಸಿ ನಮ್ಮೂರಿನವನು, ಚಿಪ್ ಕಾರ್ಖಾನೆಯ ಇಂಜಿನಿಯರು. ಅವನ ಹೆಂಡತಿ ಶೋಭಾ ಮೈಸೂರಿನವಳು, ಹಾಗಾಗಿ ಆ ಮನೆಯ ಮಾತು ಕನ್ನಡ. ತಿಂಗಳಿಗೊಮ್ಮೆ ಪಿನಾಂಗಿನ ನಮ್ಮ ನಾಲ್ಕಾರು ಸಂಸಾರಗಳು ಅಲ್ಲಿ ಸೇರಿ ಜಪಮಾಲೆ ಹೇಳಿ ಊಟ ಮಾಡುತ್ತಿದ್ದವು. ಸೆಮಿನರಿ ಬಿಟ್ಟವನಿಗೆ ನಮ್ಮಲ್ಲಿ ಒಂದು ಬಿರುದು ಅಂಟಿಕೊಳ್ಳುತ್ತದೆ, ಸಾಯುವ ತನಕ ಬಿಡುವುದಿಲ್ಲ. ಲ್ಯಾನ್ಸಿ ನನ್ನನ್ನು ಕರೆಯುತ್ತಿದ್ದದ್ದೇ ಪಾದ್ರಿಗಳು ಎಂದು. ಜಪಮಾಲೆ ನಡೆಸಿಕೊಡುವ ಕೆಲಸವೂ ನನ್ನದೇ, ಪ್ರಾರ್ಥನೆಗಳೆಲ್ಲ ಬಾಯಿಪಾಠವಿದ್ದವಲ್ಲ.

ನಮ್ಮಲ್ಲಿ ಜಪಮಾಲೆ ಮುಗಿದ ಕೂಡಲೇ ಚಿಕ್ಕವರು ಕೈಮುಗಿದು ದೊಡ್ಡವರ ಮುಂದೆ ನಿಂತು ಬೆಸಾಂವ್ ಕೇಳುತ್ತಾರೆ – ಆಶೀರ್ವಾದ. ದೊಡ್ಡವರು ಹಣೆಯ ಮೇಲೆ ಶಿಲುಬೆ ಎಳೆದು ಹರಸುತ್ತಾರೆ. ಅಪ್ಪ ಅಮ್ಮ ಅಜ್ಜ ಅಜ್ಜಿ ಯಾರಾದರೂ ಕೊಡಬಹುದು, ಅದಕ್ಕೆ ದೀಕ್ಷೆ ಬೇಕಿಲ್ಲ. ಅಲ್ಲಿ ಅಜ್ಜ ಅಜ್ಜಿಯರು ಇರಲಿಲ್ಲ, ಜಪ ನಡೆಸಿದವನು ನಾನು, ಹಾಗಾಗಿ ಮಕ್ಕಳೆಲ್ಲ ಮೊದಲು ನನ್ನ ಹತ್ತಿರ ಬಂದರು. ಹಿಂದಿನಿಂದ ಶೋಭಾ ಬಂದಳು, ಮುಂದಿನ ತಿಂಗಳು ಹಬ್ಬಕ್ಕೆ ಊರಿಗೆ ಹೊರಡುವವಳಿದ್ದಳು, ಅವಳೂ ತಲೆ ಬಗ್ಗಿಸಿದಳು. ಎಲಿಯೊ ಮೂಲೆಯ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಆಮೇಲೆ ಎದ್ದು ಬಂದು ಮಕ್ಕಳ ಸಾಲಿನ ಕೊನೆಯಲ್ಲಿ ನಿಂತರು.

ನನ್ನ ಕೈ ಒಂದು ಗಳಿಗೆ ತಡೆಯಿತು. ನಗುತ್ತ 'ಇದು ನಮ್ಮ ಮನೆಗಳ ಪದ್ಧತಿ, ನಾನು ಪಾದ್ರಿಯಲ್ಲ' ಎಂದಿದ್ದರೆ ಮುಗಿಯುತ್ತಿತ್ತು. ಬದಲಿಗೆ ಆ ಬಣ್ಣ ಹಚ್ಚಿದ ಕೂದಲಿನ ಕೆಳಗಿನ ಹಣೆಯ ಮೇಲೆ ಶಿಲುಬೆ ಎಳೆದೆ.

ಲ್ಯಾನ್ಸಿ ಅಡುಗೆಮನೆಯ ಬಾಗಿಲಿಂದ ತನ್ನ ಮಲಯ್ ಬೆರೆತ ಕನ್ನಡದಲ್ಲಿ ಕೂಗಿದ, "ಎಂತ ಮಾರಾಯ, ಪಾದ್ರಿಗಳು ಬರೀ ಬೆಸಾಂವ್ ಕೊಡುದಾ, ಊಟ ಮಾಡುದಿಲ್ವಾ? ಮಕಾನ್ ರೆಡಿ ಲಾ."

ಹೋಟೆಲಿಗೆ ಮರಳುವಾಗ ಕಾರಿನಲ್ಲಿ ಎಲಿಯೊ, ತಮ್ಮ ಊರಿನಲ್ಲೂ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತ ಜನರ ನಡುವೆ ಬದುಕುವ ಪಾದ್ರಿಯೊಬ್ಬರಿದ್ದರು, ನಿಲುವಂಗಿ ಹಾಕುತ್ತಿರಲಿಲ್ಲ ಎಂದರು. ನೀವೂ ಹಾಗೇ ಇರಬೇಕು, ರೋಮ್‌ನಲ್ಲಿ ಓದಿದ್ದು ಅಂದಾಗಲೇ ನನಗೆ ಅನುಮಾನವಿತ್ತು ಎಂದರು. ಹೋಟೆಲಿನಲ್ಲಿ ಕೆಲಸ ಮಾಡುವುದು ನಿಮ್ಮ ಬಿಷಪರಿಗೆ ಗೊತ್ತಿದೆಯೇ ಎಂದು ಕೇಳಿದರು.

ಗೊತ್ತಿದೆ ಎಂದೆ.

ಸುಳ್ಳಲ್ಲ ನೋಡಿ. ನಮ್ಮ ಬಿಷಪರಿಗೆ ಗೊತ್ತಿತ್ತು, ನನ್ನನ್ನು ಸೆಮಿನರಿಯಿಂದ ಬಿಡುಗಡೆ ಮಾಡಿದವರೇ ಅವರು. ಒಂದೇ ಒಂದು ಅಕ್ಷರ ಸುಳ್ಳಿಲ್ಲದೆ ಎಷ್ಟು ದೊಡ್ಡ ಸುಳ್ಳು ಹೇಳಬಹುದು ಎಂದು ಆ ರಸ್ತೆಯಲ್ಲಿ ಕಲಿತೆ. ಯಾಕೆ ಹೇಳಿದೆ? ಆಗ ಅದರಿಂದ ನನಗೆ ಯಾವ ಲಾಭವೂ ಇರಲಿಲ್ಲ. ಅವರು ನನ್ನನ್ನು ನೋಡುತ್ತಿದ್ದ ರೀತಿ... ಅಮ್ಮ ಒಮ್ಮೆಯಾದರೂ ನನ್ನನ್ನು ಹಾಗೆ ನೋಡಲಿ ಎಂದು ಆಸೆಪಟ್ಟಿದ್ದೆ. ಅಂದಿನಿಂದ ಎಲಿಯೊ ನನ್ನನ್ನು 'ಡಾನ್ ವಿತ್ತೋರಿಯೊ' ಎನ್ನತೊಡಗಿದರು. ಇಟಲಿಯಲ್ಲಿ ಪಾದ್ರಿಗಳನ್ನು ಕರೆಯುವುದು ಹಾಗೆ. ಹೋಟೆಲಿನಲ್ಲಿ ಇಟಾಲಿಯನ್ ಬಲ್ಲವರು ಯಾರೂ ಇರಲಿಲ್ಲ, ನನ್ನನ್ನು ಹಿಡಿಯುವವರೂ ಇರಲಿಲ್ಲ.

ಬುಧವಾರ ಮಧ್ಯಾಹ್ನ ಅಭ್ಯಾಸ ಮುಗಿದಿತ್ತು, ವಾದ್ಯದವರು ಹೊರಟುಹೋಗಿದ್ದರು. ಎಲಿಯೊ ಬಿಳಿ ಬಟ್ಟೆ ಹೊದಿಸಿದ ಎರಡು ಕುರ್ಚಿಗಳನ್ನು ತಾವೇ ಎಳೆದು ಹತ್ತಿರ ಇಟ್ಟರು. ಒಂದನ್ನು ವೇದಿಕೆಯ ಕಡೆಗೆ, ಇನ್ನೊಂದನ್ನು ಗೋಡೆಯ ಕಡೆಗೆ ತಿರುಗಿಸಿದರು – ಮುಖ ಮುಖ ಕಾಣದ ಹಾಗೆ, ಇಗರ್ಜಿಯಲ್ಲಿ ಪಾಪನಿವೇದನೆಗೆ ಕೂರುವ ಹಾಗೆ. ಆಗಲೇ ನನಗೆ ಅರ್ಥವಾಯಿತು. ಅವರು ತೋರಿಸಿದ ಕುರ್ಚಿಯಲ್ಲಿ ಹೋಗಿ ಕುಳಿತೆ.

ಅವರು ಹೇಳಿದ್ದರಲ್ಲಿ ಹೆಚ್ಚಿನದು ಹೆಣ್ಣು, ಕುಡಿತ, ಹೊಟ್ಟೆಕಿಚ್ಚು – ಯಾರ ಬದುಕಿನಲ್ಲೂ ಇರುವಂಥದು. ಆಮೇಲೆ ಧ್ವನಿ ಸಣ್ಣದಾಯಿತು. ರೋಮ್‌ಗೆ ಹೋಗುವ ಮೊದಲೇ ಊರಿನ ಹುಡುಗಿಯೊಬ್ಬಳನ್ನು ಅವರು ಮದುವೆಯಾಗಿದ್ದರು. ಹೆರಿಗೆಯಲ್ಲಿ ಅವಳು ತೀರಿಕೊಂಡಳು, ಮಗು ಉಳಿಯಿತು. ಅದೇ ಲೂಚಿಯಾ. ಎಲಿಯೊ ಅವರ ಅಕ್ಕ ಅಸುಂತಾ ಮಗುವನ್ನು ಎತ್ತಿಕೊಂಡರು. ಹುಡುಗಿಯರು ದುಡ್ಡು ಕೊಟ್ಟು ಕೊಳ್ಳುವುದು ಮದುವೆಯಾಗದ ಹುಡುಗನ ಹಾಡನ್ನು, ಮಗುವಿನ ತಂದೆಯ ಹಾಡನ್ನಲ್ಲ ಎಂದು ರೆಕಾರ್ಡ್ ಕಂಪನಿಯವನು ಮೊದಲ ದಿನವೇ ಹೇಳಿದ್ದ. ಟಿವಿಯ ಸಂದರ್ಶನವೊಂದರಲ್ಲಿ, ಮನೆಯ ಫೋಟೋದಲ್ಲಿರುವ ಈ ಮಗು ಯಾರು ಎಂದು ಕೇಳಿದರು. ಇವರು ನಕ್ಕು, ನನ್ನ ಅಕ್ಕನ ಮಗಳು ಎಂದರು. ಇಡೀ ದೇಶ ನೋಡಿತು. ಅಕ್ಕನೂ ನೋಡಿದಳು. ಅಂದಿನಿಂದ ಅದೇ ನಿಜವಾಯಿತು. ಲೂಚಿಯಾ ಅತ್ತೆಯನ್ನು ಅಮ್ಮ ಎಂದು, ಅಪ್ಪನನ್ನು ಮಾವ ಎಂದು ಕರೆಯುತ್ತ ಬೆಳೆದಳು.

ಈಗ ಅಸುಂತಾ ಆಸ್ಪತ್ರೆಯಲ್ಲಿದ್ದರು. ಹಿಂದಿನ ದಿನ ಫೋನ್ ಬಂದಿತ್ತು. ಅಕ್ಕನಿಗೆ ಇದ್ದದ್ದು ಒಂದೇ ಹಟ – ನಾನು ಬದುಕಿರುವಾಗಲೇ ಅವಳಿಗೆ ಹೇಳು, ನನ್ನ ಎದುರಿಗೆ ಹೇಳು, ನಾನು ಸತ್ತ ಮೇಲೆ ಹೇಳಿದರೆ ಅವಳು ಯಾರನ್ನು ಕೇಳಬೇಕು? ಎಲಿಯೊ ವರ್ಷದಿಂದ ವರ್ಷಕ್ಕೆ ಮುಂದೂಡಿದ್ದರು. ನಾಳೆ ಹೊರಟರೆ ಅಕ್ಕ ಸಿಗುತ್ತಾಳೆ. ಹೊರಡಲೇ? ಹೇಳಲೇ? ಇಷ್ಟು ವರ್ಷದ ಮೇಲೆ ಹೇಳುವುದು ಪಾಪವೋ, ಹೇಳದಿರುವುದು ಪಾಪವೋ? "ನನಗೆ ಧೈರ್ಯವಿಲ್ಲ, ಡಾನ್ ವಿತ್ತೋರಿಯೊ. ನೀವು ಹೋಗು ಅಂದರೆ ಹೋಗುತ್ತೇನೆ."

ನೀವು ಹೋಗು ಅಂದರೆ. ಅಷ್ಟೇ ಬೇಕಿತ್ತು ಅವರಿಗೆ. ಬೀದಿಯಲ್ಲಿ ಹೋಗುವ ಯಾವ ಪಾದ್ರಿಯೂ, ಯಾವ ಮನುಷ್ಯನೂ ಹೋಗು ಎನ್ನುತ್ತಿದ್ದ. ನನಗೆ ಆ ಗಳಿಗೆಯಲ್ಲಿ ಕಂಡದ್ದು ಶನಿವಾರದ ಖಾಲಿ ಕುರ್ಚಿಗಳು. ಮಾಂಟ್ ಕಿಯಾರಾದವರು ಕೊಠಡಿಗಳನ್ನು ಕಾದಿರಿಸಿಯಾಗಿತ್ತು. ಮ್ಯಾನೇಜರರ ತಣ್ಣನೆಯ ಮುಖ ಕಣ್ಣಮುಂದೆ ಬಂತು. ಊರಿಗೆ ಮರಳಿ, ಸೆಮಿನರಿಯನ್ನೂ ಬಿಟ್ಟ ಹೋಟೆಲನ್ನೂ ಬಿಟ್ಟ ಎನ್ನಿಸಿಕೊಳ್ಳುವುದು ನೆನಪಾಯಿತು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು ಎಂದು ಬರೆಯಬೇಕೆನಿಸುತ್ತದೆ. ಹಾಗಲ್ಲ. ಯೋಚಿಸಿ, ಮಾತು ಆರಿಸಿ, ಧ್ವನಿ ತಗ್ಗಿಸಿ ಹೇಳಿದೆ:

"ದೇವರಿಗೆ ಗೊತ್ತಿದೆ, ಅಷ್ಟು ಸಾಕು. ಅವಳ ನೆಮ್ಮದಿಯನ್ನು ಕಲಕಬೇಡಿ. ನಿಮ್ಮ ಪ್ರಾಯಶ್ಚಿತ್ತ ಶನಿವಾರದ ಹಾಡು. ಅದನ್ನು ಮನಸಾರೆ ಹಾಡಿ, ಆಮೇಲೆ ಅಕ್ಕನ ಹತ್ತಿರ ಹೋಗಿ."

ಕೈಯೆತ್ತಿದೆ. ಕ್ಷಮೆಯ ಮಾತುಗಳನ್ನು ಒಂದೂ ತಪ್ಪದೆ ಹೇಳಿದೆ. ತರಗತಿಯಲ್ಲಿ ಒಳ್ಳೆಯ ಅಂಕ ಬಂದಿತ್ತಲ್ಲ. ಎಲಿಯೊ ಅಳುತ್ತಿದ್ದರು. ಎದ್ದು ನನ್ನ ಕೈಗೆ ಮುತ್ತಿಟ್ಟರು. ಕೂದಲಿನ ಬಣ್ಣ ಬೆವರಿಗೆ ಕರಗಿ ನನ್ನ ಬೆರಳಿಗೆ ಹತ್ತಿತು, ಸ್ನಾನದ ಕೋಣೆಗೆ ಹೋಗಿ ಸಾಬೂನು ಹಾಕಿ ತೊಳೆದುಕೊಂಡೆ.

ಇಲ್ಲಿಯವರೆಗಿನದನ್ನು ಬರೆಯುವುದು ನನಗೆ ಅಷ್ಟು ಕಷ್ಟವಾಗಲಿಲ್ಲ. ಇದರಲ್ಲಿ ಒಂಥರಾ ಕತೆಯ ರುಚಿ ಇದೆ – ಸುಳ್ಳು ಪಾದ್ರಿ, ಹಳೆಯ ಹಾಡುಗಾರ. ಮುಂದಿನದರಲ್ಲಿ ಅಂಥದ್ದೇನೂ ಇಲ್ಲ. ಅದು ಬರೀ ಕೆಟ್ಟದ್ದು.

ಶುಕ್ರವಾರ ಸಂಜೆ ಹೋಟೆಲಿಗೆ ಇಟಲಿಯಿಂದ ಫೋನ್ ಬಂತು. ಎಲಿಯೊ ಸಮುದ್ರದ ದಡದಲ್ಲಿ ನಡೆಯಲು ಹೋಗಿದ್ದರು. ಆಪರೇಟರ್ ಹುಡುಗಿಗೆ ಆ ಕಡೆಯ ಮಾತು ತಿಳಿಯದೆ ನನಗೆ ಕೊಟ್ಟಳು. ಲೂಚಿಯಾ. ಅಳುವನ್ನು ತಡೆದುಕೊಂಡು ಮಾತಾಡುತ್ತಿದ್ದಳು. "ಅಮ್ಮ ಮಾವನನ್ನೇ ಕರೆಯುತ್ತಿದ್ದಾಳೆ. ಇನ್ನು ಹೆಚ್ಚು ಹೊತ್ತಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಈಗಲೇ ಹೊರಡಲು ಹೇಳಿ."

"ಹೇಳುತ್ತೇನೆ" ಎಂದೆ.

ಹೇಳಲಿಲ್ಲ. ಆ ಸಂಜೆ ಎಲಿಯೊ ಜೊತೆ ಊಟ ಮಾಡಿದೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ನಾಳೆಗೆ ಗಂಟಲು ಚೆನ್ನಾಗಿದೆ ಎಂದರು. ಊರಿಂದ ಫೋನೇನಾದರೂ ಬಂತೇ ಎಂದು ಕೇಳಿದರು. ಇಲ್ಲ ಎಂದೆ. ಒಂದು ದಿನದ ಮಾತು, ಎಂದು ನನಗೆ ನಾನೇ ಹೇಳಿಕೊಂಡೆ. ಬಿಷಪರ ವಿಷಯದಲ್ಲಿ ಹೇಳಿದ್ದು ಸುಳ್ಳಲ್ಲ ಎಂದು ಮೇಲೆ ಬರೆದೆನಲ್ಲ – ಇದು ಸುಳ್ಳು. ಸಾಯುತ್ತಿರುವ ಹೆಂಗಸಿನ ವಿಷಯದಲ್ಲಿ ಹೇಳಿದ ಸುಳ್ಳು.

ಶನಿವಾರ ಸಭಾಂಗಣ ತುಂಬಿತ್ತು. ಲ್ಯಾನ್ಸಿ ಎಲ್ಲರನ್ನೂ ಕರೆದುಕೊಂಡು ಬಂದಿದ್ದ. ಎಲಿಯೊ ನೀಲಿ ಕೋಟಿನಲ್ಲಿ ಬಂದು ನಿಂತರು, ಸ್ಕೂಟರಿನ ಜೋಕು ಮಾಡಿದರು, ಜನ ನಕ್ಕರು. ಕೊನೆಗೆ ಅವರ ಆ ಒಂದು ಹಾಡು. ಹಿಂದಿನ ದಿನಗಳಲ್ಲೆಲ್ಲ ಅದನ್ನು ಕುಣಿಸುತ್ತ ಹಾಡುತ್ತಿದ್ದವರು ಅಂದು ವಾದ್ಯದವರಿಗೆ ಕೈಸನ್ನೆ ಮಾಡಿ ನಿಲ್ಲಿಸಿದರು. ಬರೀ ಗಂಟಲಿನಿಂದ, ನಿಧಾನವಾಗಿ ಹಾಡಿದರು. ಕಿಟಕಿಯ ಕೆಳಗೆ ನಿಂತ ಹುಡುಗನ ಹಾಡು ಅದು, ಆದರೆ ಅಂದು ಕಿಟಕಿಯ ಒಳಗೆ ಮಲಗಿದ ಮಗುವಿಗೆ ಹಾಡಿದಂತೆ ಕೇಳಿಸಿತು. ಬಡಿಸುತ್ತಿದ್ದವರೂ ತಟ್ಟೆ ಹಿಡಿದು ನಿಂತುಬಿಟ್ಟರು. ಶೋಭಾಳ ಕಣ್ಣಲ್ಲಿ ನೀರು. ನಮ್ಮ ಜನರಲ್ ಮ್ಯಾನೇಜರ್ ನನ್ನ ಭುಜ ತಟ್ಟಿದರು. ನನ್ನ ಕೆಲಸ ಉಳಿಯಿತು.

ಎಲಿಯೊ ವೇದಿಕೆಯಿಂದ ಇಳಿದು ನೇರವಾಗಿ ನನ್ನ ಹತ್ತಿರ ಬಂದು ಅಪ್ಪಿಕೊಂಡರು. ಕಿವಿಯಲ್ಲಿ ಹೇಳಿದರು, "ತೀರಿಸಿದೆ, ಡಾನ್ ವಿತ್ತೋರಿಯೊ."

ಭಾನುವಾರ ಬೆಳಿಗ್ಗೆ ಅವರ ಬಾಗಿಲು ತಟ್ಟಿ, ಈಗಷ್ಟೇ ಫೋನ್ ಬಂತು ಎಂದೆ. ನಾನೇ ಕಾರಿನಲ್ಲಿ ಬಯಾನ್ ಲೆಪಾಸ್‌ನ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಅವರು ನನ್ನ ಕೈ ಹಿಡಿದುಕೊಂಡಿದ್ದರು. ಅಸುಂತಾ ಅವರು ಶನಿವಾರವೇ ತೀರಿಕೊಂಡಿದ್ದರು ಎಂದು ಆಮೇಲೆ ತಿಳಿಯಿತು.

ಮುಂದಿನ ವಸಂತದಲ್ಲಿ ಎಲಿಯೊ ಹೋದರು. ಆ ವರ್ಷ ಕ್ರಿಸ್ಮಸ್ ದಿನ ನನಗೊಂದು ಫೋನ್ ಬಂತು. ಲೂಚಿಯಾ. ನನ್ನ ನಂಬರು ಎಲಿಯೊ ಬಳಿ ಇತ್ತು. ಮಾವ ಕೊನೆಯ ದಿನಗಳಲ್ಲಿ ಪಿನಾಂಗಿನ ಪಾದ್ರಿಯನ್ನು ನೆನೆಯುತ್ತಿದ್ದರು, ಅವರಿಂದಲೇ ನನಗೆ ನೆಮ್ಮದಿ ಸಿಕ್ಕಿತು ಎನ್ನುತ್ತಿದ್ದರು, ನಿಮಗೆ ಕೃತಜ್ಞತೆ ಹೇಳಬೇಕು ಅನಿಸಿತು ಎಂದಳು. ಮಾವ ಎಂದಳು. ಎಲಿಯೊ ಹೇಳಿರಲಿಲ್ಲ. ಸುಳ್ಳು ಪಾದ್ರಿಯ ಮಾತನ್ನು ದೇವರ ಮಾತೆಂದು ನಂಬಿ, ಬಾಯಿ ಮುಚ್ಚಿಕೊಂಡೇ ಸತ್ತಿದ್ದರು.

ಆಮೇಲೆ ಪ್ರತಿ ಕ್ರಿಸ್ಮಸ್‌ಗೂ ಫೋನ್ ಬರುತ್ತಿತ್ತು. ನಾನು ಪಿನಾಂಗ್ ಬಿಟ್ಟೆ, ಮದುವೆಯಾದೆ, ಕ್ವಾಲಾಲಂಪುರದ ಹತ್ತಿರದ ಪುಚೊಂಗ್‌ನಲ್ಲಿ ಮನೆ ಮಾಡಿದೆ. ಮನೆ ಬದಲಿಸಿದಾಗಲೆಲ್ಲ ಹೊಸ ನಂಬರನ್ನು ನಾನೇ ಲೂಚಿಯಾಗೆ ಕೊಟ್ಟೆ – ಇದನ್ನು ಗಮನಿಸಿ, ನಾನೇ ಕೊಟ್ಟೆ. ತಪ್ಪಿಸಿಕೊಳ್ಳಬಹುದಿತ್ತು, ಆದರೆ ಡಾನ್ ವಿತ್ತೋರಿಯೊ ಎಂದು ಕರೆಸಿಕೊಳ್ಳುವ ಆ ಐದು ನಿಮಿಷ ನನಗೆ ಬೇಕಾಗಿತ್ತು. ಹೆಂಡತಿ ಗ್ಲೇಡಿಸ್ ಕೇಳಿದರೆ ಹಳೆಯ ಗಿರಾಕಿ ಎನ್ನುತ್ತಿದ್ದೆ. ಒಂದು ವರ್ಷ ಲೂಚಿಯಾ ಹೇಳಿದಳು, "ನಾನು ಫೋನ್ ಮಾಡಿ ಬನ್ನಿ ಅಂದರೂ ಮಾವ ಆ ಶನಿವಾರ ಹಾಡಲು ನಿಂತರಲ್ಲ. ಅಮ್ಮ ಬಾಗಿಲು ನೋಡುತ್ತಲೇ ಹೋದಳು. ಯಾಕೆ ಹಾಗೆ ಮಾಡಿದಿರಿ ಎಂದು ನಾನು ಅವರನ್ನು ಕೇಳಲೇ ಇಲ್ಲ. ಅದನ್ನು ಮಾತ್ರ ಕ್ಷಮಿಸಲು ನನಗೆ ತುಂಬ ವರ್ಷ ಬೇಕಾಯಿತು." ನಿಮಗಾಗಿ ಪ್ರಾರ್ಥಿಸುತ್ತೇನೆ ಎಂದೆ.

ನನಗೊಂದು ಒಳ್ಳೆಯ ಅಡಗುತಾಣ ಸಿಕ್ಕಿತ್ತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಪ್ರಾಣ ಹೋದರೂ ಹೇಳಕೂಡದು. ಆ ನಿಯಮ ನನಗೂ ಇದೆ ಎಂದು ಅಂದುಕೊಂಡು ವರ್ಷಗಳನ್ನು ಕಳೆದೆ. ಪಾದ್ರಿಗೆ ಬಾಯಿ ಮುಚ್ಚಿಕೊಂಡಿರುವುದು ಧರ್ಮ. ನನಗೆ ಅದು ಅನುಕೂಲವಾಗಿತ್ತು, ಅಷ್ಟೆ.

ಈ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮ ಪುಚೊಂಗ್ ಕಡೆಯ ಇಗರ್ಜಿಯ ತಮಿಳು ಪಾದ್ರಿಯ ಬಳಿ ಹೋದೆ. ನನ್ನ ಮಗನಾಗುವಷ್ಟು ಚಿಕ್ಕವರು. ಎಲ್ಲವನ್ನೂ ಹೇಳಿದೆ – ಎಲ್ಲವನ್ನೂ ಅಲ್ಲ, ಶುಕ್ರವಾರದ ಫೋನ್ ವಿಷಯ ಅಲ್ಲೂ ನುಂಗಿಕೊಂಡೆ. ಇಂಥದಕ್ಕೆ ಕ್ಷಮೆ ಕೊಡುವ ಮುನ್ನ ಬಿಷಪರನ್ನು ಕೇಳಬೇಕು, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರ ಹೋದೆ, ನುಂಗಿಕೊಂಡದ್ದನ್ನೂ ಕಕ್ಕಿದೆ. ಆ ಮನುಷ್ಯರು ನಿಮ್ಮ ಹತ್ತಿರ ಬಂದದ್ದು ಮಗಳಿಗೆ ನಿಜ ಹೇಳಲು ಅಪ್ಪಣೆ ಕೇಳಿಕೊಂಡು, ನೀವು ಕೊಡಲಿಲ್ಲ ಎಂದರು ಪಾದ್ರಿ. ಪ್ರಾಯಶ್ಚಿತ್ತದ ಜಪಗಳ ಮಾತೇ ಎತ್ತಲಿಲ್ಲ. "ಅಂಕಲ್, ಮೊದಲು ಅವರಿಗೆ ಫೋನ್ ಮಾಡಿ."

ಮೊದಲು ಗ್ಲೇಡಿಸ್‌ಗೆ ಹೇಳಿದೆ. ಅವಳು ಸಾರು ಕುದಿಯುತ್ತಿದ್ದ ಒಲೆ ಆರಿಸಿ ಬಂದು ಕುಳಿತು ಕೇಳಿದಳು. "ನೀವು ಫೋನ್ ಮಾಡುವಾಗ ನಾನು ಇಲ್ಲಿ ಇರುದಿಲ್ಲ, ಹೊರಗೆ ಹೋಗ್ತೇನೆ. ಆದ್ರೆ ಮಾಡಿ" ಎಂದಳು. ಹೋಗಿ ಕೆಳಗಿನ ಅಂಗಳದಲ್ಲಿ ಕುಳಿತಳು.

ನಾನಾಗಿ ಲೂಚಿಯಾಗೆ ಫೋನ್ ಮಾಡಿದ್ದು ಅದೇ ಮೊದಲು. ಧ್ವನಿ ಗುರುತಿಸಿ ಆಕೆಗೆ ಸಂತೋಷವಾಯಿತು. ಡಾನ್ ವಿತ್ತೋರಿಯೊ, ಆರೋಗ್ಯವೇ ಎಂದಳು.

"ನಾನು ಪಾದ್ರಿಯಲ್ಲ," ಎಂದೆ.

ಆಕೆಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಹಾಗಾದರೆ ಯಾರು ನೀವು ಎಂದು ಕೇಳಿದಳು. ಶುಕ್ರವಾರ ನೀವು ಫೋನ್ ಮಾಡಿದಾಗ ಹೇಳುತ್ತೇನೆ ಅಂದವನು, ಹೇಳದೇ ಉಳಿದವನು ಎಂದೆ. ನಿಮ್ಮ ಕರೆ ಅವರಿಗೆ ಮುಟ್ಟಿರಲೇ ಇಲ್ಲ, ಮುಟ್ಟಿದ್ದರೆ ಅವರು ಹಾಡುತ್ತಿರಲಿಲ್ಲ. ಆಮೇಲೆ ಉಳಿದದ್ದನ್ನು ಹೇಳಿದೆ – ಊರಿನ ಹುಡುಗಿ, ಹೆರಿಗೆ, ಟಿವಿಯ ಫೋಟೋ, ಅಕ್ಕನ ಹಟ, ಎರಡು ಕುರ್ಚಿ, ನಾನು ವಿಧಿಸಿದ ಪ್ರಾಯಶ್ಚಿತ್ತ. ಅವರಿಗೆ ನಿಮಗೆ ಹೇಳುವ ಮನಸ್ಸಿತ್ತು, ತಡೆದವನು ನಾನು ಎಂದೆ. ಕ್ಷಮಿಸಿ ಎನ್ನಲಿಲ್ಲ. ಆ ಮಾತನ್ನು ಹಿಂದೆ ಎಷ್ಟು ಸಲೀಸಾಗಿ ಬಳಸಿದ್ದೆ ಎಂದು ನನಗೇ ಗೊತ್ತಲ್ಲ.

ಫೋನ್ ಇಟ್ಟಳೇನೋ ಅಂದುಕೊಂಡೆ. ಇಟ್ಟಿರಲಿಲ್ಲ.

"ಆ ಶನಿವಾರ," ಎಂದಳು, "ನನ್ನ ಅಪ್ಪ ಹೇಗೆ ಹಾಡಿದರು?"

ಕಂಡದ್ದನ್ನು ಕಂಡ ಹಾಗೆ ಹೇಳಿದೆ. ವಾದ್ಯಗಳನ್ನು ನಿಲ್ಲಿಸಿದ್ದು, ನಿಧಾನವಾಗಿ ಹಾಡಿದ್ದು, ಬಡಿಸುವವರು ನಿಂತುಬಿಟ್ಟದ್ದು. ಆಕೆ ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ ಫೋನ್ ಇಟ್ಟಳು.

ಈ ಕ್ರಿಸ್ಮಸ್‌ಗೆ ಲ್ಯಾನ್ಸಿಯ ಮನೆಯವರೆಲ್ಲ ಪಿನಾಂಗಿನಿಂದ ಬಂದಿದ್ದರು. ಜಪಮಾಲೆಯನ್ನು ಲ್ಯಾನ್ಸಿಯೇ ನಡೆಸಿದ, ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ಅವನ ಮೊಮ್ಮಗಳು ಕೈಮುಗಿದುಕೊಂಡು ಬಂದಾಗ ಗ್ಲೇಡಿಸ್ ಕಡೆ ಕೈ ತೋರಿಸಿದೆ. ಇಟಲಿಯಲ್ಲಿ ಬೆಳಗಾಗುವ ಹೊತ್ತಿನಿಂದ ಫೋನ್ ನನ್ನ ಪಕ್ಕದಲ್ಲೇ ಇತ್ತು. ಎಲ್ಲರೂ ಊಟಕ್ಕೆ ಎದ್ದ ಮೇಲೂ ಕುಳಿತೇ ಇದ್ದೆ.

ಫೋನ್ ಬರಲಿಲ್ಲ.